ದೊಡ್ಡಪ್ಪನ ಮಗಳಾದ ಅಕ್ಕ

ಆಸ್ಪತ್ರೆಯಲ್ಲಿ ಅವಳು ದೊಡ್ಡಕ್ಕ. ಡಾಕ್ಟರುಗಳು, ಆಯಾಗಳು, ಲಿಫ್ಟಿನವನು, ಅಡುಗೆಮನೆಯವರು ಎಲ್ಲರ ಬಾಯಲ್ಲೂ ಅದೇ ಹೆಸರು. ಕೊನೆಗೆ ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ಹಿರಿಯನಾದ ಗೇಟಿನ ಮುದುಕ ಕೂಡ ‘ದೊಡ್ಡಕ್ಕ ಬಂದ್ರು, ದಾರಿ ಬಿಡ್ರಪ್ಪಾ’ ಅನ್ನುತ್ತಿದ್ದ. ಮನೆಯಲ್ಲಿ ಮಾತ್ರ ಅವಳು ಗುಬ್ಬಿ. ನಾಲ್ಕು ಮಕ್ಕಳಲ್ಲಿ ಕಟ್ಟಕಡೆಯವಳು. ಮೇಲೆ ಒಬ್ಬ ಅಕ್ಕ, ನಡುವೆ ಇಬ್ಬರು ಅಣ್ಣಂದಿರು, ಬಾಲ ಹಿಡಿದು ಇವಳು.

ಈ ಎರಡು ಹೆಸರುಗಳು ಒಂದರ ಕಿವಿಗೆ ಇನ್ನೊಂದು ಬೀಳದ ಹಾಗೆ ಗುಬ್ಬಿ ವರ್ಷಗಟ್ಟಲೆ ಕಾವಲು ಕಾದಿದ್ದಳು. ಮನೆಯವರನ್ನು ಆಸ್ಪತ್ರೆಗೆ ಕರೆದವಳಲ್ಲ, ಆಸ್ಪತ್ರೆಯವರನ್ನು ಮನೆಗೆ ಕರೆದವಳಲ್ಲ. ‘ಮನೆ ಮನೆ, ಕೆಲಸ ಕೆಲಸ’ ಎಂದು ಅವಳು ಗತ್ತಿನಿಂದ ಹೇಳಿದರೆ, ಎಂಥ ಶಿಸ್ತಿನ ಹೆಂಗಸಪ್ಪಾ ಎಂದು ಜನ ತಲೆದೂಗುತ್ತಿದ್ದರು. ಶಿಸ್ತೂ ಅಲ್ಲ, ಮಣ್ಣೂ ಅಲ್ಲ. ಭಯ.

ಆ ಭಯದ ಬೇರು ಸಿಗಬೇಕಾದರೆ ಅವಳು ಹುಟ್ಟಿ ಬೆಳೆದ ಮನೆಗೇ ಹೋಗಬೇಕು.

ಎರಡೇ ಕೋಣೆಯ ಮನೆ. ಅಪ್ಪ ಬೇಕರಿಯ ವ್ಯಾನು ಓಡಿಸುತ್ತಿದ್ದ, ಬೆಳಕು ಹರಿಯುವ ಮುಂಚೆ ಹೊರಟುಬಿಡುವವನು. ಅಮ್ಮನಿಗೆ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹಾಕುವ ಕೆಲಸ. ಬೀದಿಯ ಕಡೆಯ ಕೋಣೆಯಲ್ಲಿ, ಕಿಟಕಿಗೆ ಒತ್ತಿಕೊಂಡಂತೆ ಅಜ್ಜಿಯ ಮಂಚ. ಅಜ್ಜಿ ಒದ್ದೆ ಮೆಟ್ಟಿಲ ಮೇಲೆ ಜಾರಿ ಸೊಂಟ ಮುರಿದುಕೊಂಡ ಮೇಲೆ ಆ ಮಂಚ ಬಿಟ್ಟು ಏಳಲಿಲ್ಲ. ಹಾಸಿಗೆ ಹಿಡಿದದ್ದು ಅಜ್ಜಿ, ಅದರ ಜೊತೆಗೆ ಮನೆ ಹಿಡಿದವಳು ಅಕ್ಕ. ಆಗ ಅಕ್ಕ ಇನ್ನೂ ಎರಡು ಜಡೆಯ ಹುಡುಗಿ.

ಅಜ್ಜಿಯನ್ನು ಪಕ್ಕಕ್ಕೆ ಹೊರಳಿಸುವುದು, ಮೈ ಒರೆಸುವುದು, ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚುವುದು, ಹಾಸಿಗೆ ಬದಲಿಸುವುದು ಎಲ್ಲ ಅಕ್ಕನದೇ. ಊರು ಚಳಿಯದು. ಹಿತ್ತಲಿನ ನಲ್ಲಿಯ ನೀರು ಬೆಳಗ್ಗೆ ಮುಟ್ಟಿದರೆ ಬೆರಳು ಸೆಟೆದುಕೊಳ್ಳುತ್ತಿತ್ತು. ಪಾತ್ರೆ ತೊಳೆದು ಬಂದ ಅಕ್ಕ ಆ ಕೈಯಲ್ಲೇ ಮುಟ್ಟಿದರೆ ಅಜ್ಜಿ ಕಿರುಚುತ್ತಿದ್ದಳು. ಅದಕ್ಕೇ ಅಕ್ಕ ಒಂದು ಉಪಾಯ ಮಾಡಿಕೊಂಡಳು: ಎರಡೂ ಕೈಗಳನ್ನು ಅಡ್ಡಡ್ಡ ಮಾಡಿ ಕಂಕುಳಲ್ಲಿ ಸೇರಿಸಿಕೊಂಡು, ಮಂಚದ ಪಕ್ಕ ನಿಂತು, ಕೈ ಬೆಚ್ಚಗಾದ ಮೇಲೆ ಅಜ್ಜಿಯ ಮೈ ಮುಟ್ಟುವುದು. ಪಕ್ಕದಲ್ಲಿ ನಿಂತವರಿಗೆ ಅದು ಮುನಿಸಿಕೊಂಡ ಹುಡುಗಿಯ ಭಂಗಿಯಂತೆ ಕಾಣುತ್ತಿತ್ತು.

ವಾರಕ್ಕೊಮ್ಮೆ ಹುಣ್ಣು ನೋಡಲು ಬರುತ್ತಿದ್ದ ನರ್ಸಮ್ಮ ಒಂದು ದಿನ ಇದನ್ನು ಕಂಡು ಸುಮ್ಮನೆ ನಿಂತರು. ಆಮೇಲೆ ಅಕ್ಕನ ಗಲ್ಲ ಹಿಡಿದು, “ನಿನ್ನ ಕೈಗೆ ಇನ್ನೊಬ್ಬರ ನೋವು ಗೊತ್ತಾಗುತ್ತೆ ಮಗಳೇ. ನಮ್ಮ ಕಡೆ ಬಂದುಬಿಡು” ಅಂದರು. ಅಕ್ಕ ಅವತ್ತು ದಿನವೆಲ್ಲ ನೆಲಕ್ಕೆ ಕಾಲು ತಾಗದವಳ ಹಾಗೆ ಓಡಾಡಿದಳು. ಸಂಜೆ ಅಮ್ಮ ಬಂದಾಗ ಮೆಲ್ಲಗೆ ವಿಷಯ ತೆಗೆದಳು. ಅಮ್ಮ ಸೆರಗಿಗೆ ಮುಖ ಒರೆಸಿಕೊಂಡು, ಬೈಯಲೂ ಇಲ್ಲ, ಗದರಲೂ ಇಲ್ಲ, “ನೀನು ಹೋದ್ರೆ ಅಜ್ಜಿನ ಯಾರೇ ನೋಡ್ತಾರೆ?” ಅಂದಳು. ಅಷ್ಟೇ. ಆ ಮಾತು ಮತ್ತೆ ಏಳಲಿಲ್ಲ. ಮುಂದೆ ಮದುವೆಯ ಮಾತು ಬಂದಾಗಲೂ ಅಜ್ಜಿಯ ಮಂಚವೇ ಅಡ್ಡ ಬಂತು. ಅಜ್ಜಿ ಹೋಗುವ ಹೊತ್ತಿಗೆ ಅಕ್ಕನಿಗೆ ನರ್ಸಿಂಗ್ ಸೇರುವ ವಯಸ್ಸೂ ದಾಟಿತ್ತು, ಮದುವೆಯ ಆಸೆಯೂ ಹಳಸಿತ್ತು. ಬೀದಿಯ ಕೋಣೆಯಿಂದ ಮಂಚ ತೆಗೆಸಿ ಹೊಲಿಗೆ ಯಂತ್ರ ಇಟ್ಟುಕೊಂಡಳು. ಹಳೆ ಬಟ್ಟೆ ಸಡಿಲ ಮಾಡುವುದು, ಬಿಗಿ ಮಾಡುವುದು, ಉದ್ದ ಮೊಟಕು ಮಾಡುವುದು. ಅದೇ ಅವಳ ಬದುಕಾಯಿತು.

ಹಾಗಾದರೆ ಅಜ್ಜಿ ಮಲಗಿದ್ದ ಅಷ್ಟೂ ವರ್ಷ ಗುಬ್ಬಿ ಏನು ಮಾಡುತ್ತಿದ್ದಳು? ಅಜ್ಜಿಯ ಕಾಲ ಬಳಿ ಕಂಬಳಿಯೊಳಗೆ ನುಸುಳಿಕೊಂಡು, ಅಜ್ಜಿಯ ದಿಂಬಿನ ಕೆಳಗಿನ ಬಿಸ್ಕತ್ತು ತಿನ್ನುತ್ತಿದ್ದಳು. ತಿಂದ ತಟ್ಟೆ ಎತ್ತಿದವಳಲ್ಲ. ‘ಪಾಪ, ಚಿಕ್ಕದು ಬಿಡೇ’ ಎಂದು ಎಲ್ಲರೂ ಬಿಟ್ಟಿದ್ದರು, ಇವಳೂ ಆರಾಮಾಗಿ ಬಿಡಿಸಿಕೊಂಡಿದ್ದಳು. ಮನೆಗೆ ಬೇಕಾದವಳು ಮನೆಯಲ್ಲೇ ಉಳಿದಳು. ಯಾವ ಕೆಲಸಕ್ಕೂ ಬೇಡದವಳನ್ನು ಹೊರಗೆ ಕಳಿಸುವುದಕ್ಕೆ ಯಾರಿಗೂ ಕಷ್ಟವಾಗಲಿಲ್ಲ. ಗುಬ್ಬಿ ನರ್ಸಿಂಗ್ ಶಾಲೆಗೆ ಹೊರಟದ್ದು ಹೀಗೆ. ಅವಳ ಮನಸ್ಸಿನಲ್ಲಿ ಸೇವೆಗೀವೆ ಏನೂ ಇರಲಿಲ್ಲ. ಹಾಸ್ಟೆಲ್ ಇತ್ತು, ಅಲ್ಲಿ ಸ್ವಂತ ಮಂಚ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅವಳ ಅಳತೆಗೇ ಹೊಲಿದ ಬಿಳಿ ಬಟ್ಟೆ ಕೊಡುತ್ತಾರೆಂದು ಯಾರೋ ಹೇಳಿದ್ದರು. ಹುಟ್ಟಿದಾಗಿನಿಂದ ಅಕ್ಕ ಹಾಕಿಬಿಟ್ಟದ್ದನ್ನೇ ಹಾಕಿದವಳಿಗೆ ಅದು ದೊಡ್ಡ ಆಸೆ.

ಸಂದರ್ಶನದ ದಿನ ಕೂಡ ಅವಳ ಮೈಮೇಲಿದ್ದದ್ದು ಅಕ್ಕನ ಬಟ್ಟೆಯೇ. ಅಕ್ಕ ಅದನ್ನು ಬಿಚ್ಚಿ, ಬಿಗಿ ಮಾಡಿ, ಇಸ್ತ್ರಿ ಹಾಕಿ ತೊಡಿಸಿ ಕಳಿಸಿದ್ದಳು. “ಹೆದರ್ಬೇಡ. ಕೇಳಿದ್ದಕ್ಕೆ ಗಟ್ಟಿಯಾಗಿ ಹೇಳು” ಎಂದು ಬೆನ್ನು ತಟ್ಟಿದ್ದಳು.

ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಿದ್ದ ಗುಬ್ಬಿಗೆ ಒಳಗಿನ ಮಾತೆಲ್ಲ ಕೇಳುತ್ತಿತ್ತು. ಅವಳಿಗಿಂತ ಮುಂಚೆ ಹೋದ ಹುಡುಗಿಯನ್ನು ಶಾಲೆಯ ದೊಡ್ಡ ಮೇಡಂ ಕೇಳಿದರು, “ಮನೇಲಿ ಎಷ್ಟನೆಯವಳಮ್ಮಾ?”

“ಕೊನೆಯವಳು ಮೇಡಂ.”

“ಓಹೋ, ಮುದ್ದಿನ ಕೂಸು. ಉಂಡ ತಟ್ಟೆ ಯಾರು ತೊಳೀತಾರೆ?”

“ಅಮ್ಮ ತೊಳೀತಾರೆ.”

“ಹಾಗಾದ್ರೆ ಇಲ್ಲಿ ರೋಗಿಗಳ ಬೆಡ್‌ಪ್ಯಾನ್ ತೊಳೆಯೋಕೂ ನಿಮ್ಮಮ್ಮನ್ನೇ ಕರೆಸೋಣ್ವಾ?”

ಒಳಗೆ ಕೂತಿದ್ದವರೆಲ್ಲ ಘೊಳ್ಳೆಂದರು. ಆ ಹುಡುಗಿ ಮೂಗು ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಗುಬ್ಬಿಯ ಸರದಿ ಬಂತು. ಒಳಗೆ ಹೋಗಿ ನಿಂತಳು. ಅದೇ ಪ್ರಶ್ನೆ ಬಂತು.

“ದೊಡ್ಡವಳು ಮೇಡಂ” ಅಂದುಬಿಟ್ಟಳು.

ಮೇಡಂ ಕನ್ನಡಕ ಮೂಗಿನ ತುದಿಗೆ ಇಳಿಸಿದರು. “ಹಾಗೆ ಹೇಳು. ಮನೆಗೆ ದೊಡ್ಡವರಾಗಿ ಹುಟ್ಟಿದವರಿಗೆ ಅರ್ಧ ಟ್ರೈನಿಂಗು ತೊಟ್ಟಿಲ ಪಕ್ಕದಲ್ಲೇ ಆಗಿರುತ್ತೆ. ಮನೇಲಿ ಯಾರನ್ನಾದ್ರೂ ನೋಡ್ಕೊಂಡಿದೀಯಾ?”

ಬಾಯಿ ತೆರೆದರೆ ಅಕ್ಕನ ದಿನಗಳು ಒಂದೊಂದಾಗಿ ಬಂದವು. ಅಜ್ಜಿಯ ಸೊಂಟ, ಬೆನ್ನಿನ ಹುಣ್ಣು, ಹಿತ್ತಲ ನಲ್ಲಿ, ಕಂಕುಳಲ್ಲಿ ಕೈ. ‘ಅಕ್ಕ’ ಎನ್ನುವಲ್ಲೆಲ್ಲ ‘ನಾನು’ ಎಂದು ಹಾಕುತ್ತಾ ಹೋದಳು, ಎಲ್ಲೂ ಹೊಲಿಗೆ ಕಾಣಲಿಲ್ಲ. ಬಟ್ಟೆ ಹೇಗೆ ಒಪ್ಪಿತ್ತೋ ಕಥೆಯೂ ಹಾಗೇ ಒಪ್ಪಿತು. ಕೊನೆಗೆ ನರ್ಸಮ್ಮ ಹೇಳಿದ ಆ ಮಾತನ್ನೂ ಬಿಡಲಿಲ್ಲ. ಮೇಡಂ ಅವರ ಕಣ್ಣು ತೇವವಾಯಿತು.

ಮನೆಗೆ ಬಂದರೆ ಅಕ್ಕ ಮೆಟ್ಟಿಲ ಮೇಲೆ ಕಾದು ಕೂತಿದ್ದಳು. “ಏನು ಕೇಳಿದ್ರೇ?”

“ಏನೋ ಕೇಳಿದ್ರು, ಏನೋ ಹೇಳ್ದೆ.”

“ನನ್ನ ಬಟ್ಟೆ ನಿನಗೆ ಅದೃಷ್ಟ ತರುತ್ತೆ ನೋಡ್ತಿರು” ಎಂದು ಅಕ್ಕ ನಕ್ಕಳು. ಗುಬ್ಬಿ ಕಾಲು ತೊಳೆಯುವ ನೆವ ಮಾಡಿಕೊಂಡು ಹಿತ್ತಲಿಗೆ ಹೋದಳು.

ಅಲ್ಲಿಗೆ ಮುಗಿದಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಮೊದಲ ಪಾಠದ ದಿನವೇ ಮೇಡಂ ಅವಳನ್ನು ಎಬ್ಬಿಸಿ ನಿಲ್ಲಿಸಿ, “ನೋಡಿ, ದೊಡ್ಡ ಮಗಳು ಅಂದ್ರೆ ಹೀಗಿರ್ಬೇಕು. ಹೇಳಮ್ಮಾ ನಿನ್ನ ಅಜ್ಜಿ ಕಥೆ” ಅಂದರು. ಹೇಳಿದಳು. ಹಾಸ್ಟೆಲಿನಲ್ಲಿ ದೊಡ್ಡಕ್ಕ ಆದಳು. ಹೆಸರು ಬಂದ ಮೇಲೆ ಹೆಸರಿಗೆ ತಕ್ಕ ಹಾಗೆ ಇರಬೇಕಲ್ಲ? ಜ್ವರ ಬಂದವರ ಪಕ್ಕ ಕೂತಳು, ಅಳುವವರ ತಲೆ ಸವರಿದಳು, ಬೇರೆಯವರು ಮೂಗು ಮುಚ್ಚಿಕೊಳ್ಳುವ ಕೆಲಸಕ್ಕೆ ಮುಂದೆ ನಿಂತಳು. ನಟಿಸುತ್ತಾ ನಟಿಸುತ್ತಾ ಕೆಲಸ ಕೈಗೆ ಹತ್ತಿತು. ಅವಳು ಕೆಟ್ಟ ನರ್ಸು ಅಂತ ಯಾರೂ ಹೇಳುವಂತಿರಲಿಲ್ಲ. ವಾರ್ಡಿನ ಹೆಡ್ ಸಿಸ್ಟರ್ ಆದಳು, ಹೊಸ ಹುಡುಗಿಯರಿಗೆ ಪಾಠ ಹೇಳುವ ಅಧಿಕಾರ ಬಂತು. ಪ್ರತಿ ತಂಡಕ್ಕೂ ಮೊದಲ ಪಾಠ ಅದೇ: ಅಜ್ಜಿಯ ಕಥೆ, ಕಂಕುಳಲ್ಲಿ ಕೈ. ಆ ಆಸ್ಪತ್ರೆಗೆ ಹೊಸದಾಗಿ ಬಂದವರು ವಾರ್ಡಿನ ತುಂಬ ಮುನಿಸಿಕೊಂಡವರಂತೆ ಕೈ ಕಟ್ಟಿ ನಿಂತ ಹುಡುಗಿಯರನ್ನು ನೋಡಿ, ಇಲ್ಲೇನೋ ಮುಷ್ಕರ ನಡೀತಿದೆ ಅಂದುಕೊಳ್ಳುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಅಕ್ಕನ ಫೋನು ಬಂತು.

“ಗುಬ್ಬೀ, ಬಲಗಡೆ ಪಕ್ಕೆ ಹಿಡ್ಕೊಂಡು ಹಿಂಡುತ್ತೆ ಕಣೇ. ಪಿತ್ತಕೋಶದಲ್ಲಿ ಕಲ್ಲಂತೆ. ತೆಗೀಬೇಕಂತೆ. ನಿನ್ನ ಆಸ್ಪತ್ರೆಗೇ ಬರ್ತೀನಿ.”

ಒಡಹುಟ್ಟಿದವಳು ನೋವು ಅಂದಾಗ ಮೊದಲು ಏನು ಅನ್ನಿಸಬೇಕು? ಗುಬ್ಬಿಗೆ ಮೊದಲು ಕಣ್ಣಿಗೆ ಬಂದದ್ದು ಅಕ್ಕನ ಪಕ್ಕೆಯಲ್ಲ, ವಾರ್ಡಿನ ಹುಡುಗಿಯರು. “ನಮ್ಮಲ್ಲಿ ಜನ ಜಾಸ್ತಿ ಅಕ್ಕಾ. ಬೇರೆ ಕಡೆ ಇನ್ನೂ ಒಳ್ಳೆ ಡಾಕ್ಟರಿದಾರೆ, ನಾನು ಹೇಳಿಸ್ತೀನಿ...”

“ಜಾಗ ಇಲ್ದಿದ್ರೆ ನೆಲದ ಮೇಲೆ ಬಿದ್ಕೋತೀನಿ ಬಿಡೇ. ಅಜ್ಜಿ ಮಂಚದ ಕೆಳಗೆ ಮಲಗಿ ಬೆಳೆದವಳು ನಾನು. ತಂಗಿ ಇರೋ ಆಸ್ಪತ್ರೆ ಬಿಟ್ಟು ಇನ್ನೆಲ್ಲಿಗೆ ಹೋಗ್ಲಿ?”

ಗುಬ್ಬಿ ಬರುವ ದಿನ ಬರೆದುಕೊಂಡು ಫೋನಿಟ್ಟಳು.

ಅಕ್ಕ ಬಂದಳು. ಕೈಯಲ್ಲಿ ಬಟ್ಟೆಯ ಚೀಲ, ಕತ್ತಿನಲ್ಲಿ ಮರೆತು ಬಿಟ್ಟಿದ್ದ ಅಳತೆಯ ಟೇಪು. ಅವಳು ಆ ಕಡೆ ತೂಕ ನೋಡಿಸಿಕೊಳ್ಳುತ್ತಿದ್ದಾಗ, ಟ್ರೈನಿಂಗಿನ ಗುಂಗುರು ಕೂದಲಿನ ಹುಡುಗಿ, ಎಲ್ಲದಕ್ಕೂ ಮೂಗು ತೂರಿಸುವವಳು, ಗುಬ್ಬಿಯ ಹತ್ತಿರ ಬಂದು ಪಿಸುಗುಟ್ಟಿದಳು. “ದೊಡ್ಡಕ್ಕಾ, ಅವರು ಯಾರು? ನಿಮ್ಮ ಮುಖಾನೇ ಅಚ್ಚೊತ್ತಿದ ಹಾಗಿದೆಯಲ್ಲ!”

“ಅಕ್ಕ” ಎಂದು ಗುಬ್ಬಿಯ ಬಾಯಿಂದ ಜಾರಿತು.

“ಅಕ್ಕಾನಾ? ಮನೆಗೆ ನೀವೇ ದೊಡ್ಡವರಲ್ವಾ?”

ಗುಬ್ಬಿಯ ನಾಲಗೆ ತಡವರಿಸಲಿಲ್ಲ, ಅಷ್ಟು ವರ್ಷದ ಅಭ್ಯಾಸ. “ದೊಡ್ಡಪ್ಪನ ಮಗಳು ಕಣೇ. ದೊಡ್ಡಪ್ಪನ ಮಗಳೂ ಅಕ್ಕನೇ ತಾನೆ?”

“ಹೌದಲ್ವಾ!” ಎಂದು ಹುಡುಗಿ ನಕ್ಕು ಹೋದಳು. ಒಂದೇ ಉಸಿರಿನಲ್ಲಿ ಒಡಹುಟ್ಟಿದವಳನ್ನು ಬೇರೆ ಮನೆಗೆ ಸಾಗಿಸಿಯಾಗಿತ್ತು. ಆ ಕಡೆ ತೂಕದ ಯಂತ್ರದ ಮೇಲೆ ನಿಂತ ಅಕ್ಕ, “ಲೇ ಗುಬ್ಬೀ, ಚೀಲ ಬಿಟ್ಟು ನಿಲ್ಬೇಕಾ, ಹಿಡ್ಕೊಂಡೇ ನಿಲ್ಬೇಕಾ?” ಎಂದು ಕೂಗುತ್ತಿದ್ದಳು.

ಗುಬ್ಬಿ ಅಕ್ಕನಿಗೆ ವರಾಂಡದ ತುದಿಯ ಒಂಟಿ ಕೋಣೆ ಹಾಕಿಸಿದಳು. ಟ್ರೈನಿಂಗ್ ಹುಡುಗಿಯರು ಯಾರೂ ಅತ್ತ ಸುಳಿಯಬಾರದು ಎಂದು ಕಟ್ಟಪ್ಪಣೆ ಮಾಡಿದಳು. “ಇವರನ್ನ ನಾನೇ ನೋಡ್ಕೋತೀನಿ.” ಮುದುಕಿ ಆಯಾ ಬಾಯಿ ಮೇಲೆ ಕೈಯಿಟ್ಟುಕೊಂಡಳು. “ದೊಡ್ಡಪ್ಪನ ಮಗಳಿಗೇ ಹೀಗೆ ಮಾಡ್ತಾರಲ್ಲಾ, ಸ್ವಂತ ಅಕ್ಕ ಇದ್ದಿದ್ರೆ ಹೊತ್ಕೊಂಡು ತಿರುಗ್ತಿದ್ರೋ ಏನೋ!” ಸುಳ್ಳಿನಿಂದ ಮತ್ತಷ್ಟು ಹೆಸರು ಬಂತು. ಗುಬ್ಬಿ ಔಷಧಿ ಕಪಾಟಿನೊಳಗೆ ತಲೆ ಹಾಕಿ, ಇದ್ದದ್ದನ್ನೇ ಮತ್ತೆ ಜೋಡಿಸಿದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಮಾರನೆಯ ಬೆಳಗ್ಗೆ ಅಕ್ಕನ ಮೈ ಒರೆಸಲು ಗುಬ್ಬಿ ತಾನೇ ಹೋದಳು. ಅವಳದು ಬೀಗದ ಕೈ, ಪೆನ್ನು, ಟೆಲಿಫೋನು ಹಿಡಿಯುವ ಕೈಯಾಗಿ ಎಷ್ಟೋ ಕಾಲವಾಗಿತ್ತು. ಬಾಗಿಲು ಮುಚ್ಚಿ, ಹೊದಿಕೆ ಸರಿಸಿ, ಬೆನ್ನ ಕೆಳಗೆ ಕೈ ಹಾಕಿದಳು.

“ಅಬ್ಬಬ್ಬಬ್ಬಾ!” ಅಕ್ಕ ಬೆಚ್ಚಿ ಬಿದ್ದಳು. “ಇದೇನು ಕೈಯೋ, ಐಸ್‌ಗಡ್ಡೆಯೋ? ಅಜ್ಜಿ ಇದ್ದಿದ್ರೆ ಕಪಾಳಕ್ಕೆ ಒಂದು ಬಿಡ್ತಿದ್ಲು ನಿನಗೆ!” ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನಕ್ಕಳು. ಗುಬ್ಬಿಯೂ ಹಲ್ಲು ಕಿರಿದಳು. ಊರಿಗೆಲ್ಲ ಹೇಳಿಕೊಟ್ಟ ಪಾಠ ತನ್ನ ಕೈಗೇ ಬಂದಿರಲಿಲ್ಲ.

ಅಷ್ಟರಲ್ಲಿ ಕೆಳಗಿನ ವಾರ್ಡಿನಿಂದ ಕರೆ ಬಂತು, ಯಾರೋ ರೋಗಿ ಡ್ರಿಪ್ಪಿನ ಸೂಜಿ ಕಿತ್ತುಕೊಂಡು ರಂಪ ಮಾಡುತ್ತಿದ್ದಾನೆಂದು. ಅಕ್ಕನಿಗೆ ಹೊದಿಸಿ ಓಡಿದಳು. ಅಲ್ಲಿ ಸಮಾಧಾನ ಮಾಡಿ, ಒಗೆದ ಹಾಸು ಒಂದನ್ನು ಎತ್ತಿಕೊಂಡು ವಾಪಸು ಬಂದರೆ, ಅಕ್ಕನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಗುಂಗುರು ಕೂದಲಿನವಳ ದನಿ. ದೊಡ್ಡಕ್ಕನ ಕೆಲಸ ಅರ್ಧಕ್ಕೆ ನಿಂತಿದೆಯಲ್ಲ, ಮುಗಿಸಿ ಶಭಾಸ್ ಅನ್ನಿಸಿಕೊಳ್ಳೋಣ ಎಂದು ನುಗ್ಗಿದ್ದಳು.

“ಒಂದು ನಿಮಿಷ ಇರಿ ಅಮ್ಮಾ, ಕೈ ಬೆಚ್ಚಗಾಗ್ಲಿ.”

ಆಮೇಲೆ ಅಕ್ಕನ ದನಿ, ಎಂದಿಗಿಂತ ಮೆಲ್ಲಗೆ. “ಕೈ ಹಾಗೆ ಇಟ್ಕೊಳ್ಳೋದು ಯಾರಮ್ಮಾ ಹೇಳ್ಕೊಟ್ಟಿದ್ದು?”

“ದೊಡ್ಡಕ್ಕ! ಅವರ ಕಥೆ ನಿಮಗೆ ಗೊತ್ತಿಲ್ವಾ? ನೀವು ಅವರ ದೊಡ್ಡಪ್ಪನ ಮಗಳಂತೆ ಅಲ್ವಾ?”

ಗುಬ್ಬಿ ಬಾಗಿಲ ಹೊರಗೇ ನಿಂತಳು. ಒಳಗೆ ಹೋಗಿ ಮಾತು ತಡೆಯಬಹುದಿತ್ತು. ಕಾಲು ಏಳಲಿಲ್ಲ.

“ಹೂಂ,” ಅಂದಳು ಅಕ್ಕ. “ಅಷ್ಟಾಗಿ ಹೋಗಿಬಂದು ಇರಲಿಲ್ಲ. ನೀನೇ ಹೇಳು.”

ಹುಡುಗಿ ಹೇಳಿದಳು. ಕಂಠಪಾಠ ಮಾಡಿದ್ದಳೋ ಏನೋ, ಗುಬ್ಬಿ ಪಾಠದಲ್ಲಿ ನಿಲ್ಲಿಸುವ ಕಡೆ ನಿಲ್ಲಿಸಿ, ದನಿ ಇಳಿಸುವ ಕಡೆ ಇಳಿಸಿ ಹೇಳಿದಳು. ದೊಡ್ಡಕ್ಕನಿಗೆ ಆಗ ಎರಡು ಜಡೆಯಂತೆ. ಮನೆಯಲ್ಲಿ ಬೇರೆ ಯಾರೂ ಕೈ ಹಚ್ಚುತ್ತಿರಲಿಲ್ಲವಂತೆ. ಅಜ್ಜಿಗೆ ಚಳಿಯಾದೀತೆಂದು ಆ ಪುಟ್ಟ ಜೀವ ಕಂಕುಳಲ್ಲಿ ಕೈಯಿಟ್ಟುಕೊಳ್ಳುತ್ತಿತ್ತಂತೆ.

“ಆಮೇಲೆ?”

“ಆಮೇಲೆ ಒಬ್ಬರು ನರ್ಸಮ್ಮ ಬಂದು, ನಿನ್ನ ಕೈಗೆ ಇನ್ನೊಬ್ಬರ ನೋವು ಗೊತ್ತಾಗುತ್ತೆ ಮಗಳೇ ಅಂದ್ರಂತೆ.”

“ಹಾಗಂದ್ರಾ? ಅವಳಿಗೆ?”

“ಹೂಂ. ನಂಗೆ ಅಲ್ಲಿ ಪ್ರತಿ ಸಲ ಅಳು ಬರುತ್ತೆ.”

ಬಕೆಟ್ಟಿನಲ್ಲಿ ಬಟ್ಟೆ ಹಿಂಡಿದ ಸದ್ದಾಯಿತು. ಆಮೇಲೆ ಅಕ್ಕನೇ ಅಂದಳು, “ಅಜ್ಜಿಗೆ ಚಳಿಯಾಗ್ಲಿ ಬಿಡ್ಲಿ, ಆ ಹುಡುಗಿ ಕೈ ಬೆಚ್ಚಗೆ ಮಾಡ್ಕೋತಿದ್ದದ್ದು ಏಟಿನ ಭಯಕ್ಕೆ ಕಣಮ್ಮಾ. ಅಜ್ಜಿದು ಸೊಂಟ ಮುರಿದಿತ್ತೇ ಹೊರತು ಕೈ ಗಟ್ಟಿಯಾಗೇ ಇತ್ತು. ತಣ್ಣನೆ ಕೈ ತಾಗಿದ್ರೆ ಫಟಾರ್ ಅಂತ ಬಿಡ್ತಿದ್ಲು.”

“ಅಯ್ಯೋ! ನಿಮಗೆ ಹೇಗೆ ಗೊತ್ತು?”

“ನನಗೂ ಅಜ್ಜಿನೇ ಅಲ್ವಾ?”

ಗುಬ್ಬಿ ಹಾಸನ್ನು ಎದೆಗವಚಿಕೊಂಡು ಗೋಡೆಗೆ ಒರಗಿದಳು. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡುತ್ತಿದ್ದಳು. ಕೊನೆಗೆ ಹೇಗೋ ಬಾಗಿಲು ತಳ್ಳಿದಳು. ಹುಡುಗಿ ಗಾಬರಿಯಾಗಿ ಎದ್ದು ನಿಂತಳು. ಅಕ್ಕ ಗುಬ್ಬಿಯ ಮುಖ ನೋಡಿದಳು, ಕೈಯಲ್ಲಿದ್ದ ಹಾಸು ನೋಡಿದಳು.

“ಬನ್ನಿ” ಅಂದಳು.

ಹುಟ್ಟಿದಾಗಿನಿಂದ ‘ಬಾರೇ’ ಅಂದವಳು. ಲೇ ಅಂದವಳು, ಕತ್ತೆ ಅಂದವಳು, ಸಿಟ್ಟು ಬಂದರೆ ಹಾಳಾಗಿ ಹೋಗು ಅಂದವಳು. ಅವಳ ಬಾಯಲ್ಲಿ ‘ಬನ್ನಿ’ ಬಂತು. ಅಜ್ಜಿಯ ಕೈಯ ಏಟು ಗುಬ್ಬಿಗೆ ಬಿದ್ದಿರಲಿಲ್ಲ. ಈಗ ಬಿದ್ದದ್ದು ಅದಕ್ಕಿಂತ ಜೋರಾಗಿತ್ತು.

ಹುಡುಗಿ ಹೋದ ಮೇಲೆ ಗುಬ್ಬಿ ಸ್ಟೂಲಿನ ಮೇಲೆ ಕೂತಳು. “ಯಾಕಕ್ಕಾ ಬನ್ನಿ ಅಂದೆ?”

“ದೊಡ್ಡಪ್ಪನ ಮಗಳು ತೀರಾ ಸಲಿಗೆ ತಗೊಂಡ್ರೆ ಚೆನ್ನಾಗಿರಲ್ಲ. ನೋಡಿದವರು ಏನಂತಾರೆ?”

“ಅಕ್ಕಾ...”

“ಕಥೆ ತಗೊಂಡಿದ್ದಕ್ಕೆ ನನಗೇನೂ ಇಲ್ಲ. ನನ್ನ ಹಳೆ ಬಟ್ಟೆ ಎಲ್ಲಾ ನಿಮಗೇ ತಾನೆ ಬಂದಿದ್ದು? ಇದೂ ಒಂದು ಬಂತು ಅನ್ಕೋತಿದ್ದೆ. ಕೇಳಿದ್ರೆ ನಾನೇ ಬಿಗಿ ಮಾಡಿ ಕೊಡ್ತಿದ್ದೆ.” ಅಕ್ಕ ಗೋಡೆಯ ಕಡೆ ನಿಧಾನವಾಗಿ ಹೊರಳಿದಳು. ಹೊಲಿಗೆ ಎಳೆದಿರಬೇಕು, ಉಸಿರು ಕಚ್ಚಿದಳು. “ನರ್ಸಮ್ಮ ಹೇಳಿದ್ದು ಒಂದು ಮಾತು. ಅದೊಂದೇ ಇತ್ತು ನನ್ನ ಹತ್ರ. ಯಂತ್ರ ತುಳೀತಾ ತುಳೀತಾ ಬೇಜಾರಾದಾಗ ತೆಗೆದು ನೋಡ್ಕೋತಿದ್ದೆ. ಅದೂ ಹೋಗ್ಲಿ. ನನ್ನನ್ನೇ ಬೇರೆ ಮನೆಗೆ ಕೊಟ್ಟುಬಿಟ್ರಲ್ಲ.”

ಕ್ಷಮಿಸು ಅನ್ನುವುದಕ್ಕೂ ಒಂದು ಯೋಗ್ಯತೆ ಬೇಕು ಎಂದು ಗುಬ್ಬಿಗೆ ಅನ್ನಿಸಿತು. ಕೈಯಲ್ಲಿದ್ದ ಹಾಸನ್ನು ಸ್ಟೂಲಿನ ಮೇಲಿಟ್ಟು ಎದ್ದು ಬಂದಳು.

ಎರಡು ದಿನ ಅಕ್ಕ ‘ನೀವು’ ಬಿಡಲಿಲ್ಲ. ‘ಮಾತ್ರೆ ಕೊಡಿ.’ ‘ಕಿಟಕಿ ತೆಗೀರಿ.’ ‘ನಿಮಗೆ ತೊಂದರೆ ಆಯ್ತು.’ ಮುದುಕಿ ಆಯಾ ಇದನ್ನು ಕೇಳಿ, ಎಷ್ಟು ಮರ್ಯಾದಸ್ಥ ಮನೆತನ ಅಂದಳು. ಗುಬ್ಬಿಗೆ ಅನ್ನ ಇಳಿಯಲಿಲ್ಲ. ಪಾಠದ ಹೊತ್ತಿಗೆ ತಲೆನೋವೆಂದು ಹೇಳಿ ತಪ್ಪಿಸಿಕೊಂಡಳು. ನಿಜ ಹೇಳಿದರೆ ವಾರ್ಡಿನಲ್ಲಿ ಮುಖ ಎತ್ತಿಕೊಂಡು ನಡೆಯುವ ಹಾಗಿಲ್ಲ, ಹೇಳದಿದ್ದರೆ ಮನೆಯ ಮೆಟ್ಟಿಲು ಹತ್ತುವ ಹಾಗಿಲ್ಲ. ಅಕ್ಕನನ್ನು ಮನೆಗೆ ಕಳಿಸುವ ದಿನ ಬಂತು. ಹೀಗೇ ಕಳಿಸಿದರೆ ಇನ್ನು ಬದುಕಿರುವ ತನಕ ‘ಬನ್ನಿ’ಯೇ ಗತಿ ಎಂದು ಅವಳಿಗೆ ಗೊತ್ತಾಗಿತ್ತು.

ಬೆಳಗ್ಗೆ ಟ್ರೈನಿಂಗ್ ಹುಡುಗಿಯರನ್ನೆಲ್ಲ ಕರೆದು, “ಇವತ್ತಿನ ಪಾಠ ತುದಿ ಕೋಣೆಯಲ್ಲಿ” ಅಂದಳು. ಹುಡುಗಿಯರು ಸಾಲಾಗಿ ಬಂದು ಗೋಡೆಗೆ ಅಂಟಿ ನಿಂತರು. ಕರೆಯದಿದ್ದರೂ ಮುದುಕಿ ಆಯಾ ಬಾಗಿಲಲ್ಲಿ ನಿಂತಳು. ಮಂಚದ ಮೇಲೆ ಕೂತು ಚೀಲ ತುಂಬುತ್ತಿದ್ದ ಅಕ್ಕ, “ಏನಿದು ಜಾತ್ರೆ?” ಎನ್ನುವ ಹಾಗೆ ಹುಬ್ಬೇರಿಸಿದಳು.

“ಕೈ ಬೆಚ್ಚಗೆ ಮಾಡ್ಕೊಂಡು ಮುಟ್ಟೋದು ಹೇಳ್ಕೊಟ್ಟಿದ್ನಲ್ಲ,” ಗುಬ್ಬಿ ಶುರು ಮಾಡಿದಳು. ದನಿ ಅವಳದೇ ಅನ್ನಿಸಲಿಲ್ಲ. “ಅದು ನಾನು ಮಾಡಿದ್ದಲ್ಲ. ಅಜ್ಜಿಯನ್ನ ನೋಡ್ಕೊಂಡವಳು ಇವಳು. ನಮ್ಮಕ್ಕ.”

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುಂಗುರು ಕೂದಲಿನವಳ ಕಣ್ಣು ಆಗಲೇ ತುಂಬಿಬಂತು. “ನೋಡ್ರೇ, ಎಂಥ ದೊಡ್ಡ ಮನಸ್ಸು! ಊರಿಗೆ ಹೋಗೋರಿಗೆ ಖುಷಿಯಾಗ್ಲಿ ಅಂತ ತನ್ನ ಪುಣ್ಯಾನೇ ಎತ್ತಿ ಕೊಡ್ತಿದಾರೆ.” ಆಯಾ “ಅದಕ್ಕೇ ಅವರು ದೊಡ್ಡಕ್ಕ” ಎಂದು ಮೂಗು ಸೀಟಿಕೊಂಡಳು.

ಗುಬ್ಬಿ ಬೆಪ್ಪಾಗಿ ನಿಂತಳು. ಬಾಯಿಬಿಟ್ಟು ನಿಜ ಹೇಳಿದರೆ ಅದೂ ಹೊಗಳಿಕೆಯಾಗಿ ತಲೆಯ ಮೇಲೆ ಬಿತ್ತು. ಒಂದು ಕ್ಷಣ, ಒಂದೇ ಕ್ಷಣ, ಇಲ್ಲಿಗೇ ಬಿಟ್ಟುಬಿಡೋಣ ಅನ್ನಿಸಿತು. ಹೇಳುವುದು ಹೇಳಿಯಾಯಿತು, ಅವರು ನಂಬದಿದ್ದರೆ ನನ್ನ ತಪ್ಪೇ? ಹಾಗೆ ಅನ್ನಿಸಿದ್ದಕ್ಕೆ ಅವಳಿಗೆ ಹಳೆಯದೆಲ್ಲದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಹುಡುಗಿ ಮಂಚದ ಕಡೆ ತಿರುಗಿದಳು. “ನೀವೇ ಹೇಳಿ ಅಮ್ಮಾ, ನಿಮಗೋಸ್ಕರ ತಾನೆ ಹಾಗೆ ಹೇಳ್ತಿರೋದು?”

ಅಕ್ಕನ ಒಂದು ಮಾತು ಸಾಕಿತ್ತು. ಅಕ್ಕ ಅಳತೆಯ ಟೇಪನ್ನು ಬೆರಳಿಗೆ ಸುತ್ತುತ್ತಾ, “ನನ್ನನ್ನೇನು ಕೇಳ್ತೀಯಮ್ಮಾ. ನಾನು ಏನು ಹೇಳಿದ್ರೂ ಅದು ದೊಡ್ಡಪ್ಪನ ಮಗಳು ಹೇಳಿದ ಹಾಗಾಗುತ್ತೆ. ಅವರನ್ನೇ ಕೇಳು” ಅಂದಳು.

ಗುಬ್ಬಿ ನೆಲ ನೋಡಿಕೊಂಡೇ ಹೇಳಿದಳು.

“ನಮಗೆ ದೊಡ್ಡಪ್ಪ ಅನ್ನೋರೇ ಇಲ್ಲ. ನಮ್ಮಪ್ಪನೇ ಅವರ ಮನೆಗೆ ಹಿರಿಯ. ಇವಳು ನನ್ನ ಒಡಹುಟ್ಟಿದ ಅಕ್ಕ. ಮನೆಗೆ ದೊಡ್ಡವಳು ಇವಳು, ಕೊನೆಯವಳು ನಾನು. ಅಜ್ಜಿಯ ಹಾಸಿಗೆ ನಾನು ಒಂದು ದಿನಾನೂ ಬದಲಿಸಿಲ್ಲ. ಅಜ್ಜಿಯ ಬಿಸ್ಕತ್ತು ತಿಂತಿದ್ದೆ. ಕೊನೆಯವಳು ಅಂದ್ರೆ ಸೇರಿಸ್ಕೊಳ್ಳಲ್ಲ ಅಂತ ಹೆದರಿ ದೊಡ್ಡವಳು ಅಂದೆ. ಆಮೇಲೆ ಬಾಯಿಗೆ ರುಚಿ ಹತ್ತಿತು. ಆ ನರ್ಸಮ್ಮ ಹೇಳಿದ್ದು ಇವಳಿಗೆ. ನರ್ಸಿಂಗಿಗೆ ಹೋಗ್ಬೇಕು ಅಂತ ಆಸೆಪಟ್ಟವಳೂ ಇವಳೇ. ಇವಳನ್ನ ಬಿಡಲಿಲ್ಲ, ನನ್ನನ್ನ ಬಿಟ್ರು. ಇಲ್ಲಿ ನಿಂತಿರಬೇಕಾದವಳು ಇವಳು.”

ಈ ಸಲ ಯಾರೂ ಮೂಗು ಸೀಟಲಿಲ್ಲ. ಗುಂಗುರು ಕೂದಲಿನವಳ ಕೈಗಳು ಅಭ್ಯಾಸಬಲದಿಂದ ಕಂಕುಳಲ್ಲಿದ್ದವು. ಅವು ಮೆಲ್ಲಗೆ ಜಾರಿ ಕೆಳಗಿಳಿದವು. ಆ ಕೈಗಳು ಇಳಿದದ್ದನ್ನು ನೋಡಿದ ಗುಬ್ಬಿಗೆ ಮೈಮೇಲಿನ ಬಿಳಿ ಬಟ್ಟೆಯೇ ಕಳಚಿ ಬಿದ್ದ ಹಾಗಾಯಿತು. ಹುಡುಗಿಯರು ಒಬ್ಬೊಬ್ಬರಾಗಿ ಹೊರಗೆ ಹೋದರು. ಯಾರೂ ಅವಳ ಮುಖ ನೋಡಲಿಲ್ಲ. ಕೊನೆಗೆ ಉಳಿದ ಆಯಾ, “ಗಾಡಿ ಬಂದಿದೆ ದೊಡ್ಡ...” ಎಂದು ಹೇಳಹೋಗಿ ನಾಲಗೆ ಕಚ್ಚಿಕೊಂಡು, “ಗಾಡಿ ಬಂದಿದೆ ಸಿಸ್ಟರ್” ಅಂದು ಬಾಗಿಲು ಎಳೆದುಕೊಂಡಳು.

ವರಾಂಡದಲ್ಲಿ ಗುಸುಗುಸು ಎದ್ದಿತು. ಸಂಜೆಯೊಳಗೆ ಅದು ಅಡುಗೆಮನೆಗೂ ಗೇಟಿಗೂ ಮುಟ್ಟುತ್ತದೆ ಎಂದು ಗುಬ್ಬಿಗೆ ಗೊತ್ತಿತ್ತು.

ಅಕ್ಕ ಚೀಲದ ಬಾಯಿ ಬಿಗಿದಳು. ಮಂಚದಿಂದ ಇಳಿಯಲು ಹೊರಳಿದಳು, ಹೊಲಿಗೆ ಎಳೆಯಿತು. ಗುಬ್ಬಿ ಓಡಿಬಂದು ಬೆನ್ನಿಗೆ ಆಸರೆ ಕೊಡಲು ಕೈ ಚಾಚಿದಳು. ಬೆರಳು ತಾಗಿತೋ ಇಲ್ಲವೋ, ಅಕ್ಕ ಫಟ್ಟನೆ ಆ ಕೈಗೆ ಒಂದು ಬಿಟ್ಟಳು.

“ಮೊದ್ಲು ಕೈ ಬೆಚ್ಚಗೆ ಮಾಡ್ಕೊಳ್ಳೇ, ಕತ್ತೆ.”

ಗುಬ್ಬಿ ಎರಡೂ ಕೈಗಳನ್ನು ಅಡ್ಡಡ್ಡ ಮಾಡಿ ಕಂಕುಳಲ್ಲಿ ಸೇರಿಸಿಕೊಂಡು, ತಲೆ ತಗ್ಗಿಸಿ ಮಂಚದ ಪಕ್ಕ ನಿಂತಳು. ಕಣ್ಣೀರು ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ, ಮೂಗಿನ ತುದಿಯಿಂದ ತೊಟ್ಟಿಕ್ಕಿತು. ಹೊರಗೆ ಗಾಡಿಯವನು ಹಾರನ್ ಹೊಡೆದ. ಅಕ್ಕನಿಗೆ ಯಾವ ಅವಸರವೂ ಇದ್ದಂತಿರಲಿಲ್ಲ.

“ಸಾಕಾ ಅಕ್ಕಾ?”

ಅಕ್ಕ ಕೈ ಚಾಚಿ ಅವಳ ಬೆರಳ ತುದಿ ಮುಟ್ಟಿ ನೋಡಿದಳು.

“ಇನ್ನೂ ಇಲ್ಲ” ಅಂದಳು.